ಮಾವನ ಕಿವಿಗೆ ಎರಡು ದಾರಿ

ನಮ್ಮ ಸೋದರಮಾವನಿಗೆ ಕಿವಿ ಕೇಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರ ಪ್ರಕಾರ ಅವರ ಕಿವಿ ನೆಟ್ಟಗೇ ಇತ್ತು, ಜಗತ್ತಿಗೇ ದನಿ ಕಮ್ಮಿಯಾಗಿತ್ತು. "ಈಗಿನ ಮಂದಿ ಮಾತು ಆಡೂದಿಲ್ಲಪಾ, ನುಂಗ್ತಾರ" ಎಂದು ದೂರುತ್ತಿದ್ದರು. ಸಂಡೂರಿನ ಗಣಿಯಲ್ಲಿ ಬಂಡೆ ಸಿಡಿಸುವ ಫೋರ್‌ಮನ್ ಆಗಿ ಜೀವಮಾನವೆಲ್ಲ ಗುಡ್ಡ ನಡುಗಿಸಿದವರಿಗೆ ಮನುಷ್ಯರ ಮಾತು ಇನ್ನು ಯಾವ ಲೆಕ್ಕ?

ಅತ್ತೆ ಉಪ್ಪು ತರಲು ಹೇಳಿದರೆ ಮಾವ ತುಪ್ಪ ತರುತ್ತಿದ್ದರು. ತಂದು, "ಇವತ್ತೇನು ಹಬ್ಬ?" ಎಂದು ಬೇರೆ ಕೇಳುತ್ತಿದ್ದರು. ಹೀಗಾಗಿ ಅತ್ತೆ ಕೂಗಿ ಕೂಗಿ ಮಾತಾಡುವುದನ್ನು ಕಲಿತರು. ಅವರ ಮನೆಯಲ್ಲಿ ಇವತ್ತು ಯಾವ ಸಾರು ಎಂಬುದು ಮಾವನಿಗಿಂತ ಮೊದಲು ಓಣಿಗೆ ತಿಳಿಯುತ್ತಿತ್ತು.

ನಿವೃತ್ತರಾಗಿ ಹೊಸಪೇಟೆಗೆ ಬಂದ ಮೇಲೆ ಕೊನೆಗೂ ಶ್ರವಣಯಂತ್ರ ಹಾಕಿಸಿಕೊಂಡರು. ಹಾಕಿಸಿಕೊಂಡ ದಿನ ಬಾಗಿಲಲ್ಲಿ ನಿಂತು, ಅದಿರು ಹೊತ್ತು ಸಾಲಾಗಿ ಹೋಗುತ್ತಿದ್ದ ಲಾರಿಗಳ ಸದ್ದು ಕೇಳಿ ಬೆರಗಾದರು. "ಇಷ್ಟು ಲಾರಿ ಯಾವಾಗ ಬಂದ್ವು?"

"ಬಂದು ವರ್ಷಗಟ್ಟಲೆ ಆತು" ಎಂದರು ಅತ್ತೆ. ಅಭ್ಯಾಸಬಲದಿಂದ ಅದನ್ನೂ ಕೂಗಿಯೇ ಹೇಳಿದರು. ಮಾವ ಎರಡೂ ಕಿವಿ ಹಿಡಿದುಕೊಂಡು ಕುಂತರು.

ಯಂತ್ರದ ಜೊತೆಗೆ ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಪೆಟ್ಟಿಗೆಯೊಂದು ಬಂದಿತ್ತು. ಫೋನಿನ ಮಾತನ್ನೂ ಕಂಪ್ಯೂಟರಿನ ಹಾಡನ್ನೂ ವೈರಿಲ್ಲದೆ ಕಿವಿಗೆ ತಲುಪಿಸುವ ಪೆಟ್ಟಿಗೆ. ಅತ್ತೆ ಅದನ್ನು ತಾಯತ ಎಂದೇ ಕರೆದರು. ಅಂಗಡಿಯವನು ಮಾತ್ರ, "ಒಂದು ಸಲಕ್ಕೆ ಒಂದೇ ಜೋಡಿಸ್ರಿ, ಎರಡೂ ಕೂಡಿ ಆಗೂದಿಲ್ಲ" ಎಂದುಬಿಟ್ಟ. ಆಗೂದಿಲ್ಲ ಎಂಬ ಮಾತೊಂದನ್ನು ಅವನು ಆಡಬಾರದಿತ್ತು.

ಮಾವ ನನ್ನನ್ನು ಕರೆಸಿದರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಓದಿದವರಿಗೆಲ್ಲ ಕಂಪ್ಯೂಟರ್ ರಿಪೇರಿ ಬರುತ್ತದೆ ಎಂಬುದು ಅವರ ದೃಢ ನಂಬಿಕೆ.

"ಕಂಪ್ಯೂಟರಿನಿಂದ ದಾಸರ ಪದ ಕೇಳಬೇಕು. ಫೋನ್ ಬಂದ್ರ ಪದ ತಾನ ನಿಂತು ಫೋನ್ ಕೇಳಬೇಕು. ಜೋಡಿಸು" ಎಂದರು.

"ಮಾವಾ, ಅಂಗಡಿಯವನೇ ಆಗೂದಿಲ್ಲ ಅಂದಾನ."

"ಸಿಡಿಮದ್ದು ಸಿಡೀಲಿಲ್ಲ ಅಂದ್ರ ಗುಡ್ಡ ಬಿಟ್ಟು ಮನಿಗೆ ಹೋಗ್ತಾರೇನು? ಕುಂದ್ರು."

ಕುಂತೆ. ಮರುದಿನವೂ ಕುಂತೆ. ಆ ವಾರವಿಡೀ ಅಲ್ಲೇ ಕುಂತೆ. ಕಂಪ್ಯೂಟರ್ ಜೋಡಿಸಿದರೆ ಫೋನ್ ಕಳಚಿಕೊಳ್ಳುತ್ತಿತ್ತು. ಫೋನ್ ಜೋಡಿಸಿದರೆ ಕಂಪ್ಯೂಟರ್ ಮುನಿಸಿಕೊಳ್ಳುತ್ತಿತ್ತು. ಸವತಿಯರನ್ನು ಒಂದೇ ಮನೆಯಲ್ಲಿ ಇಟ್ಟ ಹಾಗೆ.

ಒಂದು ಸಂಜೆ ಪೆಟ್ಟಿಗೆಯ ಸಂಪರ್ಕ ತಪ್ಪಿ ಹಾಡು ಸ್ಪೀಕರಿಗೆ ಹೋಗಿದ್ದು ನಮಗೆ ತಿಳಿಯಲಿಲ್ಲ. ನಾನು ಹಿತ್ತಲಲ್ಲಿ ಚಹಾ ಕುಡಿಯುತ್ತಿದ್ದೆ. ಪೆಟ್ಟಿಗೆ ಚಾಲೂ ಇದ್ದಾಗ ಯಂತ್ರ ಹೊರಗಿನ ಸದ್ದನ್ನು ತಡೆಯುತ್ತಿದ್ದುದರಿಂದ ಮಾವನಿಗೆ ಅದೂ ಕೇಳಿಸುತ್ತಿರಲಿಲ್ಲ. ಏನೂ ಬರ್ತಿಲ್ಲ ಎಂದು ಕಂಪ್ಯೂಟರಿನ ದನಿ ಏರಿಸುತ್ತ ಹೋದರು. ನಾನು ಓಡಿ ಬರುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ತಾಳ ಹಿಡಿದು ಒಳಗೆ ಬಂದು ಕೂತಿದ್ದರು. ಹಿಂದೆಯೇ ಇನ್ನಿಬ್ಬರು ಹೆಂಗಸರು. "ಭಜನಿ ಐತಿ ಅಂತ ಹೇಳಬಾರದೇನ್ರಿ?" ಎಂದರು ಅಜ್ಜಿ. ಮಾವ ಬಿಡಲಿಲ್ಲ. ಅವರಿಗೆ ಪ್ರಸಾದ ಕೊಡಿಸಿ ಕಳಿಸಿ, ನನ್ನ ಕಡೆ ತಿರುಗಿ, "ಮತ್ತ ಮೊದಲಿಂದ ಶುರು ಮಾಡು" ಎಂದರು.

ಕೊನೆಗೆ ಅವರೇ ಯೋಚಿಸಿ ಕೇಳಿದರು: "ಕಂಪ್ಯೂಟರಿಗೆ ಫೋನಿನ ಕೆಲಸ ಯಾಕ ಬೇಕು? ಅದಕ್ಕ ಹಾಡಷ್ಟ ಸಾಕಲ್ಲ?"

ಹುಡುಕಿದೆ. ನಿಜಕ್ಕೂ ಕಂಪ್ಯೂಟರು ಹಾಡಿನ ದಾರಿಯ ಜೊತೆಗೆ ಕರೆಯ ದಾರಿಯನ್ನೂ ಹಿಡಿದುಕೊಂಡು ಕೂತಿತ್ತು. ಸೆಟ್ಟಿಂಗಿನಲ್ಲಿ ಕರೆಯ ಮುಂದಿದ್ದ ಟಿಕ್ ಗುರುತು ತೆಗೆದೆ. ಹಳೆಯ ಜೋಡಣೆಯನ್ನೆಲ್ಲ ಅಳಿಸಿ ಮೊದಲು ಫೋನ್, ಆಮೇಲೆ ಹಾಡಿಗೆ ಮಾತ್ರ ಕಂಪ್ಯೂಟರ್ ಜೋಡಿಸಿದೆ. ಎರಡೂ ನಿಂತವು.

ಪರೀಕ್ಷೆ ಮಾಡಲು ಅತ್ತೆಯ ಕೈಗೆ ನನ್ನ ಮೊಬೈಲ್ ಕೊಟ್ಟು ಅಡುಗೆಮನೆಗೆ ಕಳಿಸಿದೆವು. ಪಡಸಾಲೆಯಲ್ಲಿ ಮಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕರೆ ಬಂತು, ಪದ ನಿಂತಿತು. ಅತ್ತೆ ಎಂದಿನಂತೆ ಗಂಟಲು ಹರಿಯುವ ಹಾಗೆ "ರೀ" ಎಂದರು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

"ಸಾವಕಾಶ ಮಾತಾಡು ಮಾರಾಯ್ತಿ, ಕಿವಿಯೊಳಗ ಇದ್ದಿ ನೀನು."

ಅತ್ತೆಗೆ ಸಾವಕಾಶ ಮಾತಾಡುವುದು ಹೇಗೆಂಬುದೇ ಮರೆತಿತ್ತೇನೋ. ಆದರೂ ತಗ್ಗಿದ ದನಿಯಲ್ಲಿ, "ಪುಂಡಿಪಲ್ಯ ಮಾಡೀನಿ. ಊಟಕ್ಕ ಬರ್ತೀರೇನು?" ಎಂದರು.

ಮಾವ ಕೊರಳಿನ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡರು.

"ಇನ್ನೊಮ್ಮೆ ಅನ್ನು."

"ಯಾಕ, ಕೇಳಲಿಲ್ಲೇನು?"

"ಕೇಳ್ತು. ಇನ್ನೊಮ್ಮೆ ಅನ್ನು. ಲಗ್ನ ಆದ ಹೊಸದಾಗಿ ಹಿಂಗ ಮಾತಾಡ್ತಿದ್ದಿ. ನನಗ ಮರ್ತಽ ಹೋಗಿತ್ತು."

ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ಫೋನಿಗೆ ಸೆರಗು ಮರೆ ಮಾಡಿ, ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಮಾವನಿಗೆ ಕೇಳಿಸಿತು.