ಮೂರು ಗಂಟೆಯ ಬೇಳೆ ಕೆಲಸ

ನಿರುದ್ಯೋಗ ವಿಮೆಯ ಫಾರಂನಲ್ಲಿದ್ದ ಒಂದೇ ಪ್ರಶ್ನೆ ಬಾಲಸುಬ್ರಹ್ಮಣ್ಯನ ನೆಮ್ಮದಿ ಕೆಡಿಸಿತ್ತು: ಕಳೆದ ನಾಲ್ಕು ವಾರಗಳಲ್ಲಿ ಯಾವುದಾದರೂ ಕೆಲಸ ಮಾಡಿದ್ದೀರಾ?

ಮಾಡಿದ್ದ. ಕೊರೋನಾ ಬಂದು ಜಪಾನೀ ಸಾಫ್ಟ್‌ವೇರ್ ಕಂಪನಿ ಅವನನ್ನು ಮನೆಗೆ ಕಳಿಸಿದ ಮೇಲೆ, ಓಜಿಮಾದ ದಿನಸಿ ಅಂಗಡಿಯ ಜಯಪ್ರಕಾಶ ಕರೆದನೆಂದು ಒಂದು ಭಾನುವಾರ ಮೂರು ಗಂಟೆ ಬೇಳೆ ಪ್ಯಾಕೆಟ್ ಕಟ್ಟಿದ್ದ. ಕೂಲಿಯಾಗಿ ಸಿಕ್ಕ ಐದು ಕಿಲೋ ಸೋನಾಮಸೂರಿ ಆಗಲೇ ಹೊಟ್ಟೆ ಸೇರಿತ್ತು.

ಬೆಳಿಗ್ಗೆ ಲಿಫ್ಟಿನಲ್ಲಿ ಏಳನೇ ಮಹಡಿಯ ವೇದವಲ್ಲಿ, ಶಂಕರ ದಂಪತಿ ಸಿಕ್ಕರು. ಫಾರಂ ತೋರಿಸಿ ಬೇಳೆಯ ವಿಷಯ ಹೇಳಿದ್ದೇ ತಡ, ವೇದವಲ್ಲಿ ಮಾಸ್ಕನ್ನು ಗಲ್ಲಕ್ಕಿಳಿಸಿದರು.

"ಇಲ್ಲ ಅಂತ ಬರೀರಿ ಬಾಲು. ಅಕ್ಕಿ ಏನು ಸಂಬಳಾನಾ?"

"ಸುಳ್ಳು ಬರೆದ್ರೆ ತಗೊಂಡಿದ್ದರ ಮೂರು ಪಟ್ಟು ಕಟ್ಟಿಸ್ಕೋತಾರೆ," ಎಂದರು ಶಂಕರ. "ಕಾನೂನೇ ಹಾಗಿದೆ. ವೀಸಾಗೂ ಪ್ರಾಬ್ಲಂ ಆಗತ್ತೆ."

ಸ್ಟೇಷನ್ ಬರುವಷ್ಟರಲ್ಲಿ ಬಾಲು 'ಇಲ್ಲ' ಬರೆದು, ಅಳಿಸಿ, 'ಹೌದು' ಬರೆದು, ಅದನ್ನೂ ಅಳಿಸಿದ್ದ. ಕಾಗದ ದೋಸೆಕಲ್ಲಿನಂತೆ ಕಪ್ಪಾಗಿತ್ತು. ಆ ಗೊಂದಲದಲ್ಲಿ ಒಂದು ರೈಲು ತಪ್ಪಿತು. ಹತ್ತೂವರೆಗೆ ಉದ್ಯೋಗ ಕಚೇರಿಯಲ್ಲಿ ಹಾಜರಿರದಿದ್ದರೆ ಈ ಕಂತಿನ ಹಣ ಬರುವುದಿಲ್ಲ. ಮನೆ ಬಾಡಿಗೆ ಹೋಗಬೇಕಾದದ್ದೇ ಅದರಿಂದ.

ಓಡಿ ಬಂದವನ ಹಣೆಗೆ ಬಾಗಿಲಲ್ಲೇ ಥರ್ಮಾಮೀಟರ್ ಹಿಡಿದರು. ಮೂವತ್ತೇಳು ಪಾಯಿಂಟ್ ಆರು. ಕಾವಲಿನವ ಎರಡು ಹೆಜ್ಜೆ ಹಿಂದೆ ಸರಿದ.

"ಸುಮಿಮಾಸೆನ್, ಕ್ಷಮಿಸಿ, ಓಡಿ ಬಂದೆ ಅಷ್ಟೇ."

ನೆರಳಿನಲ್ಲಿ ನಿಲ್ಲಿಸಿ ಮತ್ತೆ ನೋಡಿ ಒಳಗೆ ಬಿಟ್ಟಾಗ ಹತ್ತು ಇಪ್ಪತ್ತೊಂಬತ್ತು.

ಪ್ಲಾಸ್ಟಿಕ್ ಪರದೆಯ ಹಿಂದೆ ಕೂತಿದ್ದ ಅಧಿಕಾರಿ ಮೊರಿತಾ-ಸಾನ್ ಆ ಕಪ್ಪು ಕಾಗದವನ್ನೂ ಅವನನ್ನೂ ನೋಡಿದಳು. ಬಾಲುವಿಗೆ ತಡೆಯಲಾಗಲಿಲ್ಲ. ಬೇಳೆ, ಅಕ್ಕಿ, ಮೂರು ಗಂಟೆ, ಎಲ್ಲವನ್ನೂ ಒಪ್ಪಿಸಿಬಿಟ್ಟ.

"ನಿಜ ಹೇಳಿದ್ದಕ್ಕೆ ಅರಿಗಾತೋ," ಎಂದಳು ಅವಳು ಮೃದುವಾಗಿ. "ಇಷ್ಟು ಸಣ್ಣ ನೆರವಿಗೆ ತೊಂದರೆಯಿಲ್ಲ. ಅಂಗಡಿಯವರನ್ನು ಒಂದು ಮಾತು ಕೇಳಿಬಿಡುತ್ತೇನೆ."

ಬಾಲು ನಿರಾಳವಾಗಿ ಜಯಪ್ರಕಾಶನ ನಂಬರು ಕೊಟ್ಟ. ಅವಳು ಫೋನಿನಲ್ಲಿ ತಲೆಯಾಡಿಸುತ್ತಾ ಬರೆದುಕೊಂಡಳು. ಆಮೇಲೆ ಎದ್ದು ನಿಂತು ಸೊಂಟ ಬಾಗಿಸಿ ವಂದಿಸಿದಳು.

"ಅಭಿನಂದನೆಗಳು. ಹೋದ ತಿಂಗಳಿಂದ ನೀವು ಅಲ್ಲಿ ಕಾಯಂ ಮ್ಯಾನೇಜರ್ ಅಂತೆ. ಕೆಲಸ ಇರುವವರಿಗೆ ಭತ್ಯೆ ಸಲ್ಲುವುದಿಲ್ಲ. ಇವತ್ತೇ ನಿಲ್ಲಿಸುತ್ತೇನೆ."

ಅವನು ಎಷ್ಟು ಬೇಡಿಕೊಂಡರೂ ಅವಳು, ಅಲ್ಲಿ ಕೆಲಸವಿಲ್ಲವೆಂದು ಅಂಗಡಿಯವರಿಂದ ಪತ್ರ ತರಲು ಹೇಳಿದಳು. ಹೊರಗೆ ಬಂದವನೇ ಜಯಪ್ರಕಾಶನಿಗೆ ಫೋನ್ ಮಾಡಿದ.

"ಗವರ್ನಮೆಂಟ್ ಕಾಲ್ ಬಂತು ಬಾಲು. ವೀಸಾ ಎನ್‌ಕ್ವೈರಿ ಅನ್ಕೊಂಡು ಪರ್ಮನೆಂಟ್ ಮ್ಯಾನೇಜರ್ ಅಂದ್ಬಿಟ್ಟೆ. ಸೇಫ್ ಮಾಡ್ದೆ ನಿಮ್ಮನ್ನ."

ಬಾಲು ಕಣ್ಣುಮುಚ್ಚಿ ಹತ್ತರವರೆಗೆ ಎಣಿಸಿದ. "ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರ್ಲಾ?"

ಆ ಕಡೆ ಶಟರ್ ಎಳೆದ ಸದ್ದು ಕೇಳಿಸಿತು.

"ವ್ಯಾಪಾರಾನೇ ಇಲ್ಲ ಕಣ್ರೀ. ಇವತ್ತಿಗೆ ಅಂಗಡಿ ಕಾಯಂ ಆಗಿ ಮುಚ್ತಾ ಇದೀನಿ. ಅಂದಹಾಗೆ, ಆ ನಿರುದ್ಯೋಗದ ಆಫೀಸು ಯಾವ ಸ್ಟೇಷನ್ ಹತ್ರ ಬರತ್ತೆ?"