ಸೋಲಲು ಬಿಡದ ಶನಿವಾರಗಳು

ನಮ್ಮ ಮ್ಯಾನೇಜರಿಗೆ ಸಿಟ್ಟು ಬಂದರೆ ಬೈಯುವುದಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಮೆಲ್ಲಗೆ ಒರೆಸುತ್ತಾರೆ. ದುಬೈಯ ಜೆಬೆಲ್ ಅಲಿ ಬಂದರಿನ ಆಫೀಸಿನಲ್ಲಿ ಆ ಕನ್ನಡಕ ಮೂಗಿನಿಂದ ಇಳಿದರೆ ಸಾಕು, ಎಲ್ಲರಿಗೂ ಗೋದಾಮಿನಲ್ಲಿ ಏನೋ ಕೆಲಸ ನೆನಪಾಗುತ್ತದೆ. ಶನಿವಾರ ಮಾತ್ರ ನನಗೆ ಓಡಿಹೋಗಲು ಗೋದಾಮಿಲ್ಲ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಅವರ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅವರ ಎದುರೇ ಕೂತು ಅವರ ಮೇಲೆ ಯುದ್ಧ ಮಾಡುತ್ತಿರುತ್ತೇನೆ.

ಹಳೆಯ ಕಾಲದ ರಾಜ್ಯಗಳನ್ನು ಆಳುವ ಕಂಪ್ಯೂಟರ್ ಆಟ ಅದು. ನಕ್ಷೆಯ ಮೇಲೆ ದಂಡು ನಡೆಸಬೇಕು, ಹಡಗು ಕಳಿಸಬೇಕು, ಕೋಟೆ ಹಿಡಿಯಬೇಕು. ಆ ಕಡೆ ಮ್ಯಾನೇಜರ್ ಮತ್ತು ಅವರ ಹೆಂಡತಿ. ಈ ಕಡೆ ನಾನು ಮತ್ತು ಅವರ ಪಕ್ಕದ ಫ್ಲ್ಯಾಟಿನ ಭಟ್ಕಳದ ಭಾಯಿ. ನನ್ನ ಪ್ರೊಬೇಷನ್ ಈ ತಿಂಗಳಿಗೆ ಮುಗಿಯುತ್ತದೆ. ಮ್ಯಾನೇಜರ್ ಸಹಿ ಹಾಕಿದರೆ ಕೆಲಸ ಕಾಯಂ. ಇಲ್ಲದಿದ್ದರೆ ವೀಸಾ ಕ್ಯಾನ್ಸಲ್.

“ನಿನಗಿಂತ ಮೊದಲು ಬಂದ ಹುಡುಗ ನಿಮ್ಮ ಮ್ಯಾನೇಜರನ್ನ ಸೋಲಿಸಿದ್ದ,” ಎಂದು ಭಾಯಿ ಒಮ್ಮೆ ಹೇಳಿದ್ದರು.

“ಈಗ?”

“ಈಗ ಊರಲ್ಲಿದ್ದಾನೆ.”

ಅಂದಿನಿಂದ ಸೋಲಲು ಒದ್ದಾಡುತ್ತಿದ್ದೇನೆ. ಪ್ರತಿ ಶನಿವಾರ ಏನಾದರೊಂದು ಆಗಿ ಗೆದ್ದುಬಿಡುತ್ತೇನೆ.

ನದಿ ದಾಟಿದ್ದು

ನದಿ ದಾಟಿ ಹೋಗಿ ಬೆಟ್ಟದ ಮೇಲಿರುವ ಸೈನ್ಯಕ್ಕೆ ಹೊಡೆಯುವವರು ಈ ಆಟದಲ್ಲಿ ಉಳಿಯುವುದಿಲ್ಲ. ಹಾಗಾಗಿ ನಾನು ಅದನ್ನೇ ಮಾಡಿದೆ. ಕುದುರೆಯಿಲ್ಲ, ಫಿರಂಗಿಯಿಲ್ಲ, ಬರೀ ಕಾಲಾಳು.

ಮ್ಯಾನೇಜರ್ ಪರದೆಗೆ ಬಾಗಿದರು. “ಎಂತ ಇದು? ಇಷ್ಟು ಹೆಡ್ಡತನ ಯಾರೂ ಮಾಡುದಿಲ್ಲ. ಹಿಂದೆ ಬೇರೆ ದಂಡು ಅಡಗಿಸಿ ಇಟ್ಟಿದ್ದಾಳೆ.”

“ಇಲ್ಲ ಸರ್.”

“ಇಲ್ಲ ಅಂದ್ರೆ ಇದ್ದೇ ಉಂಟು!”

ಬೆಟ್ಟ ಬಿಟ್ಟರು, ಕೋಟೆ ಬಿಟ್ಟರು, ಇಡೀ ಸೈನ್ಯವನ್ನು ಹಿಂದಕ್ಕೆ ಕರೆದರು. ನನ್ನ ಕಾಲಾಳುಗಳು ಒದ್ದೆ ಕಾಲಲ್ಲೇ ಖಾಲಿ ಕೋಟೆ ಹೊಕ್ಕರು.

ಸೋಮವಾರ ಹಲ್ಲುನೋವೆಂದು ಅರ್ಧ ದಿನದ ರಜೆ ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ ಕೇಳಿದರು: “ಇದರ ಹಿಂದೆ ಎಂತ ಉಂಟು?”

ಡಬಲ್ ಶಿಫ್ಟ್

ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. “ಮೇಡಂ ಅನ್ಬೇಡ, ಆಂಟಿ ಅನ್ನು” ಎಂದವರು. ಆ ಶನಿವಾರ ಗಂಡ ಹೆಂಡತಿ ಇಬ್ಬರೂ ಸೇರಿ ನನ್ನ ಮೇಲೆ ಬಿದ್ದರು. ಸದ್ಯ, ಇವತ್ತು ಸೋತೆ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಆಂಟಿಯ ಮುಂದಿನ ಸಾಲಿನ ಸೈನಿಕರ ಧೈರ್ಯದ ಅಂಕ ಇಳಿಯತೊಡಗಿತು. ಆಂಟಿ ಇಡೀ ದಂಡನ್ನು ಹಿಂದಕ್ಕೆ ಕರೆದರು.

“ಎಲ್ಲಿಗೆ ಹೊರಟಿ? ಇನ್ನು ಸ್ವಲ್ಪ ನಿಂತ್ರೆ ಗೆಲ್ತೇವೆ ಮಾರಾಯ್ತಿ!”

“ಡ್ಯೂಟಿ ಮುಗೀತು. ಡಬಲ್ ಶಿಫ್ಟ್ ಮಾಡಿಸ್ಲಿಕ್ಕೆ ನನ್ನಿಂದಾಗುದಿಲ್ಲ. ಪಾಪ, ಅವರ ಮುಖ ನೋಡಿ.”

“ಅವರಿಗೆ ಮುಖವೇ ಇಲ್ಲ! ಬರೀ ಚುಕ್ಕೆ!”

“ನರ್ಸ್‌ಗಳ ಬಗ್ಗೆಯೂ ನಮ್ಮ ಮ್ಯಾನೇಜ್‌ಮೆಂಟ್ ಹಾಗೇ ಹೇಳುದು.”

ಮ್ಯಾನೇಜರ್ ಒಬ್ಬರೇ ನಿಂತರು, ಒಬ್ಬರೇ ಸೋತರು. ಕನ್ನಡಕ ಕೈಗೆ ಬಂತು. ನಾನು ಬಟಾಟೆ ಬೋಂಡಾ ನುಂಗಲಾಗದೆ ಬಾಯಲ್ಲೇ ಇಟ್ಟುಕೊಂಡೆ.

ಭಾಯಿಯ ಜಲಸಂಧಿ

ಮುಂದಿನ ವಾರ ನಾಚಿಕೆ ಬಿಟ್ಟು ಭಾಯಿಯನ್ನೇ ಬೇಡಿಕೊಂಡೆ. ಎರಡು ನೆಲಗಳ ನಡುವಿನ ಸಣ್ಣ ಜಲಸಂಧಿಯಲ್ಲಿ ಅವರ ಹಡಗುಗಳು ಅಡ್ಡ ನಿಂತಿದ್ದವು. ಅವು ಇರುವ ತನಕ ಮ್ಯಾನೇಜರ್ ಸೈನ್ಯ ಈಚೆ ದಾಟುವಂತಿಲ್ಲ.

“ಭಾಯಿ, ಹಡಗು ಸ್ವಲ್ಪ ಆಚೆ ತಗೊಳ್ಳಿ. ಸರ್ ಬಂದು ಗೆಲ್ಲಲಿ,” ಎಂದು ಪಿಸುಗುಟ್ಟಿದೆ.

“ಯಾಕೆ?”

“ನನ್ನ ಸಹಿ...”

“ಅರೆ ಬೇಟಿ, ವ್ಯಾಪಾರ ಜೋರಿರುವಾಗ ಯಾರಾದ್ರೂ ಶಟರ್ ಎಳೀತಾರಾ?” ಎಂದವರೇ ಇನ್ನಷ್ಟು ಹಡಗು ತರಿಸಿ ನಿಲ್ಲಿಸಿದರು.

ಅವರಿಗೇನು, ಅವರ ವೀಸಾ ಅವರದೇ ಬಟ್ಟೆ ಅಂಗಡಿಯದು.

ಒಂದಿಂಚೂ ವೇಸ್ಟ್ ಇಲ್ಲ

ಜಲಸಂಧಿ ಮುಚ್ಚಿದ್ದರಿಂದ ಮ್ಯಾನೇಜರ್ ದೂರದ ಸಮುದ್ರ ಸುತ್ತಿ ಬರಲು ಹೊರಟರು. ಆಫೀಸಿನಲ್ಲಿ ಅವರ ಕೆಲಸವೇ ಯಾವ ಕಂಟೇನರ್ ಯಾವ ಹಡಗಿಗೆ ಎಂದು ಹಂಚುವುದು. ಹಡಗಿನಲ್ಲಿ ಒಂದು ಜಾಗ ಖಾಲಿ ಹೋದರೂ ಅವರಿಗೆ ಅನ್ನ ಇಳಿಯುವುದಿಲ್ಲ. ಇದ್ದಬದ್ದ ದಂಡನ್ನೆಲ್ಲ ಸಾಗಣೆ ಹಡಗುಗಳಿಗೆ ಒತ್ತೊತ್ತಾಗಿ ತುಂಬಿದರು.

“ನೋಡಿ, ಒಂದಿಂಚೂ ವೇಸ್ಟ್ ಇಲ್ಲ!”

“ಕಾವಲಿಗೆ ಯುದ್ಧದ ಹಡಗು ಬೇಡ್ವಾ?” ಎಂದರು ಆಂಟಿ.

“ಅದರಲ್ಲಿ ಲೋಡ್ ಹಿಡಿಯುದಿಲ್ಲ. ಖಾಲಿ ಹಡಗು ಯಾಕೆ ಕಳಿಸುದು?”

ಯಾರಿಗೂ ಅಡ್ಡ ಬಾರದಿರಲಿ ಎಂದು ನನ್ನ ಯುದ್ಧದ ಹಡಗುಗಳನ್ನು ಮೂಲೆಯ ಕೊಲ್ಲಿಯೊಂದರಲ್ಲಿ ಬಚ್ಚಿಟ್ಟಿದ್ದೆ. ಅವರು ಸೈನ್ಯ ಇಳಿಸಲು ಆರಿಸಿಕೊಂಡದ್ದು ಅದೇ ಕೊಲ್ಲಿ. ಎದುರಾದ ಹಡಗುಗಳು ಈ ಆಟದಲ್ಲಿ ತಾವಾಗಿಯೇ ಹೊಡೆದಾಡುತ್ತವೆ. ನಾನು ಮೌಸ್ ಬಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡೆ. ಇಡೀ ಸೈನ್ಯ, ಒಂದಿಂಚೂ ವೇಸ್ಟ್ ಇಲ್ಲದೆ, ಮುಳುಗಿತು.

“ಖಲಾಸ್,” ಎಂದರು ಭಾಯಿ.

ಯುದ್ಧ ನಿಲ್ಲಬೇಕಾದರೆ ಗೆದ್ದವರು ಷರತ್ತು ಬರೆದು ಕಳಿಸಬೇಕು. “ಯಲ್ಲಾ, ಬೇಗ ಬೇಗ! ಏನು ಬೇಕೋ ಕೇಳು ಬೇಟಿ. ಕೊಡದೆ ಅವರಿಗೆ ದಾರಿಯಿಲ್ಲ!” ಎಂದು ಭಾಯಿ ಅವಸರ ಮಾಡಿದರು. ಇಷ್ಟು ತಿಂಗಳು ಬಾಯಿಗೆ ಬಾರದ್ದನ್ನು ಬೆರಳುಗಳು ಟೈಪ್ ಮಾಡಿದವು: “ಸರ್, ನಿಮ್ಮ ಕೋಟೆಗಳನ್ನೆಲ್ಲ ವಾಪಸ್ ಕೊಡುತ್ತೇನೆ. ದಯವಿಟ್ಟು ನನ್ನ ಕನ್ಫರ್ಮೇಶನ್‌ಗೆ ಸಹಿ ಹಾಕಿ.”

ಕಳಿಸಿದ ಮೇಲೆ ಹೊಳೆಯಿತು: ಷರತ್ತು ಆಂಟಿಯ ಪರದೆಗೂ ಹೋಗುತ್ತದೆ. ಅವರು ಅದನ್ನು ಗಟ್ಟಿಯಾಗಿ ಓದಿಯೇಬಿಟ್ಟರು.

“ಎಂತದ್ರೀ ಇದು? ಈ ಮಗುವಿಗೆ ಇನ್ನೂ ಸಹಿ ಹಾಕ್ಲಿಲ್ವಾ ನೀವು?”

“ಆಟದ ಷರತ್ತಲ್ಲಿ ಇದೆಲ್ಲ ಬರ್ತದಾ?” ಎಂದರು ಮ್ಯಾನೇಜರ್.

“ಸಹಿ ಆಗೋವರೆಗೆ ಜಲಸಂಧಿ ಬಂದ್!” ಎಂದರು ಭಾಯಿ.

ಮ್ಯಾನೇಜರ್ ಪರದೆಯ ಮೇಲೆ ಎರಡೇ ಗುಂಡಿಗಳು: ಒಪ್ಪಿಗೆ, ನಿರಾಕರಣೆ. ಅವರು ಬಾಣದ ಗುರುತನ್ನು ಒಂದರ ಮೇಲೆ ತಂದರು, ಇನ್ನೊಂದರ ಮೇಲೆ ತಂದರು, ಕೊನೆಗೆ ಎರಡರ ಸರಿ ನಡುವೆ ನಿಲ್ಲಿಸಿ ಕುರ್ಚಿ ಹಿಂದೆ ಸರಿಸಿದರು.

“ಮೊದಲು ಊಟ ಮಾಡುವ,” ಎಂದರು.