ನಾಲ್ಕೂವರೆ ಅಡಿ ಮೌನ

೧. ಒಂದೂವರೆ ತೋಳು

ಹೋದ ವರ್ಷ ನಮ್ಮ ಟೈಲರ್ ಒಂದು ಅಂಗಿ ಹೊಲಿದ. ಬಲಗಡೆ ತುಂಬು ತೋಳು. ಎಡಗಡೆ ಅರ್ಧ ತೋಳು.

ತಪ್ಪು ಅವನದಲ್ಲ, ನಮ್ಮದು. ತಿಂಗಳಿಗೊಂದು ಭಾನುವಾರ ನಾವು ಐದು ಜನ ಹಾಸನದಲ್ಲಿ ಅವನ ಅಂಗಡಿಯಲ್ಲಿ ಸೇರುತ್ತೇವೆ. ಟೈಲರ್ ಹಾಸನದವನೇ. ಮೇಷ್ಟ್ರು ಅರಕಲಗೂಡಿನವರು, ರಿಟೈರಾಗಿದ್ದಾರೆ. ಚನ್ನರಾಯಪಟ್ಟಣದಿಂದ ಬರುವವನು ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಾನೆ. ಹೊಳೆನರಸೀಪುರದಿಂದ ಇಬ್ಬರು. ಒಬ್ಬ ಬಸ್ಸಿನ ಕಂಡಕ್ಟರ್ ಆಗಿದ್ದವನು. ಇನ್ನೊಬ್ಬ ನಾನು. ಅಲ್ಲಿನ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಪಿಕ್ಚರ್ ಓಡಿಸುವ ಕೆಲಸ. ಟಾಕೀಸು ಈಗ ಇಲ್ಲ.

ಸೇರುವುದು ಒಂದೇ ಕಾರಣಕ್ಕೆ. ಒಬ್ಬರು ಸಂಗೀತ ನಿರ್ದೇಶಕರು. ನಾವು ಅವರನ್ನು ‘ದೊಡ್ಡೋರು’ ಎನ್ನುತ್ತೇವೆ. ಅವರ ಹಾಡು ಎಲ್ಲರಿಗೂ ಗೊತ್ತು. ನಮಗೆ ಬೇಕಾದ್ದು ಹಾಡಲ್ಲ. ಮಾತಿಲ್ಲದ ಜಾಗದಲ್ಲಿ ಅರವತ್ತು ಪಿಟೀಲು ಕೂರಿಸಿ ನುಡಿಸಿದರಲ್ಲ, ಅದು. ಅದರಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು ಆರು ವರ್ಷದಿಂದ ಪಟ್ಟಿ ಮಾಡುತ್ತಿದ್ದೇವೆ. ಹತ್ತು ಬೇಕು. ಮೂರು ಆಗಿತ್ತು.

ಪಿಕ್ಚರಿನ ಹೆಸರು ನಾವು ಹೇಳುವುದಿಲ್ಲ. ಪಿಟೀಲು ಎಲ್ಲಿ ಏಳುತ್ತದೋ ಆ ಜಾಗವೇ ಹೆಸರು. ರೈಲು. ಕೋರ್ಟು. ದೋಣಿ.

ಕಂಡಕ್ಟರಿಗೆ ಕಿವಿ ಮಂದ. ಅದಕ್ಕೆ ಎಲ್ಲರೂ ಕೂಗಿ ಮಾತಾಡುತ್ತೇವೆ. ರಸ್ತೆಯಲ್ಲಿ ಹೋಗುವವರು ಜಗಳ ಎಂದು ನಿಂತು ನೋಡುತ್ತಾರೆ.

ಅಂಗಿಯ ಗಿರಾಕಿ ಬಂದು ಎರಡೂ ತೋಳು ಎತ್ತಿ ಹಿಡಿದ.

“ಏನ್ರೀ ಇದು?”

ಟೈಲರ್ ಹೇಳಿದ: “ಬಲಗೈ ಹೊಲಿಯೋವಾಗ ನೆಮ್ಮದಿಯಾಗಿದ್ದೆ ಸಾ. ಎಡಗೈಗೆ ಬರೋ ಹೊತ್ಗೆ ಈ ಮೇಷ್ಟ್ರು ಕೋರ್ಟಲ್ಲಿ ಪಿಟೀಲು ಜಾಸ್ತಿ ಆಯ್ತು ಅಂದ್ಬುಟ್ರು.”

“ಯಾವ ಕೋರ್ಟು?”

ಟೈಲರ್ ಹೇಳಿದ. ಗಿರಾಕಿ ಅಂಗಿ ಕೆಳಗಿಟ್ಟ.

“ಜಾಸ್ತಿ ಎಲ್ಲೈತ್ರೀ? ಸರಿಯಾಗೇ ಐತೆ.”

ಒಂದು ಗಂಟೆ ಮೇಷ್ಟ್ರ ಜೊತೆ ವಾದ ಮಾಡಿ ಹೋದ. ಅಂಗಿ ಇನ್ನೂ ಅಂಗಡಿಯ ಗೂಟದಲ್ಲೇ ಇದೆ.

೨. ಹಿರೀಸಾವೆಯ ಮದುವೆ

ಬ್ಯಾಂಡಿನವನ ವಾದ ರೈಲು. ರೈಲು ಹೊರಡುತ್ತದೆ, ತಾಯಿ ಪ್ಲಾಟ್‌ಫಾರಂನಲ್ಲಿ ನಿಲ್ಲುತ್ತಾಳೆ, ಅಷ್ಟೇ. ಉಳಿದದ್ದು ಪಿಟೀಲು.

“ಅದ್ನ ಅರವತ್ತು ಜನ ನುಡಿಸಿದ್ರು. ನಿನ್ನದು ಒಂದು ಕೊಳವೆ. ಏನ್ ಊದ್ತೀಯ?” ಎಂದು ಟೈಲರ್ ಕೆಣಕಿದ.

ಬ್ಯಾಂಡಿನವನಿಗೆ ರೋಷ ಬಂತು. ಮುಂದಿನ ವಾರ ಹಿರೀಸಾವೆಯಲ್ಲಿ ಮದುವೆ. ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಯಾವಾಗಲೂ ಊದುವುದನ್ನು ಬಿಟ್ಟು ರೈಲು ಊದಿದ.

ಹೆಣ್ಣಿನ ತಾಯಿ ಅತ್ತಳು. ಅದು ಸರಿ. ಅತ್ತೆಯಾಗುವವಳೂ ಅತ್ತಳು. ಅಡಿಗೆಯವರು ಸೌಟು ಹಿಡಿದು ಬಾಗಿಲಲ್ಲಿ ನಿಂತು ಅತ್ತರು. ಆಮೇಲೆ ಗಂಡು ಶುರು ಮಾಡಿದ. ನಿಲ್ಲಿಸಲೇ ಇಲ್ಲ.

ಗಂಡಿನ ಅಪ್ಪ ಬ್ಯಾಂಡಿನವನ ಹತ್ತಿರ ಓಡಿ ಬಂದ.

“ಲೇ, ನಿಲ್ಸೋ ಮಾರಾಯ. ನಮ್ಮುಡುಗ ಯಾಕ್ಲಾ ಅಳ್ತಾವ್ನೆ? ಅವನೆಲ್ಲಿಗೆ ಓಗ್ತಾವ್ನೆ?”

ಕೊನೆಗೆ ಹೆಣ್ಣೇ ಗಂಡನ ಕಣ್ಣೊರೆಸಿ, ಕೈಹಿಡಿದು ಕಾರು ಹತ್ತಿಸಿದಳು.

ರೈಲು ನಾಲ್ಕನೆಯದಾಗಿ ಪಟ್ಟಿಗೆ ಸೇರಿತು. ಯಾರೂ ವಿರೋಧಿಸಲಿಲ್ಲ.

೩. ಕಂಡಕ್ಟರನ ದೋಣಿ

ಐದನೆಯದಕ್ಕೆ ದೋಣಿ ಬೇಕು ಎಂದು ಕಂಡಕ್ಟರ್ ಹಟ ಹಿಡಿದ.

ದೋಣಿಯಲ್ಲಿ ಹುಡುಗಿ ಆಚೆ ದಡಕ್ಕೆ ಹೋಗುತ್ತಾಳೆ. ಪಿಟೀಲು ಏರುತ್ತದೆ, ಏರುತ್ತದೆ. ತುದಿಗೆ ಹೋದಾಗ ಎಲ್ಲ ಒಟ್ಟಿಗೆ ನಿಲ್ಲುತ್ತದೆ. ಮೂರು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಶುರು.

“ದೊಡ್ಡೋರು ನುಡಿಸಿದ್ದೆಲ್ಲ ಒಂದು ತೂಕ. ನುಡಿಸ್ದೆ ಬಿಟ್ಟಿದ್ದು ಒಂದು ತೂಕ ಕಣ್ಲಾ” ಎನ್ನುತ್ತಾನೆ.

ಅದಕ್ಕೆ ಅವನ ಮನೆಯ ಕಾರಣವಿದೆ. ಮದುವೆಯಾದ ಹೊಸತು. ಹೆಂಡತಿ ಹದಿನೈದು ದಿನವಾದರೂ ಇವನ ಜೊತೆ ಒಂದು ಮಾತಾಡಿರಲಿಲ್ಲ. ನಾಚಿಕೆ. ನಮ್ಮ ಟಾಕೀಸಿಗೆ ಮ್ಯಾಟಿನಿಗೆ ಕರೆದುಕೊಂಡು ಬಂದ. ಒಂದು ಪೊಟ್ಟಣ ಕಡಲೇಕಾಯಿ ಕೊಡಿಸಿದ. ತಿಂದಳು. ಮಾತಿಲ್ಲ. ದೋಣಿ ಬಂತು. ಪಿಟೀಲಿನ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪಿಟೀಲು ನಿಂತಿತು.

“ಇನ್ನೂ ಕಡ್ಲೇಕಾಯಿ ಐತಾ?”

ಇಡೀ ಟಾಕೀಸಿಗೆ ಕೇಳಿಸಿತು.

“ನನ್ನ ಎಂಡ್ತಿ ನನ್ ಜೊತೆ ಆಡಿದ್ ಮೊದಲ್ನೇ ಮಾತು. ದೊಡ್ಡೋರು ಅದ್ಕೇ ಜಾಗ ಬಿಟ್ಟವ್ರೆ” ಎನ್ನುತ್ತಾನೆ ಕಂಡಕ್ಟರ್. ನಲವತ್ತು ವರ್ಷದಿಂದ ಎನ್ನುತ್ತಿದ್ದಾನೆ.

ಟೈಲರ್ ಒಪ್ಪಲಿಲ್ಲ. “ಹಾಸನದಲ್ಲಿ ಪಿಟೀಲು ನಿಂತೇ ಇಲ್ಲ. ನಾನು ಮೂರು ಸಲ ನೋಡಿದೀನಿ.”

ಬ್ಯಾಂಡಿನವನೂ ಹೇಳಿದ: “ಚನ್ನರಾಯಪಟ್ಟಣದಲ್ಲೂ ನಿಲ್ಲಲಿಲ್ಲ.”

ಅರಕಲಗೂಡಿನ ಮೇಷ್ಟ್ರು ಕಂಡಕ್ಟರನ ಕಡೆ. ಅವರು ಕೇಳಿದ್ದಾರೆ. “ನಿಂತಿತು. ಅದೇ ಆ ಸಂಗೀತದ ಆತ್ಮ” ಎಂದರು. ಮೌನದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು.

ಎರಡು ಊರು ಒಂದು ಕಡೆ, ಎರಡು ಊರು ಒಂದು ಕಡೆ. ಪರೀಕ್ಷಿಸಲು ದಾರಿಯಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಹಾಡು ಮಾತ್ರ ಬಂದಿತ್ತು. ಪಿಕ್ಚರಿನ ಕಾಪಿ ಎಲ್ಲೂ ಸಿಗುತ್ತಿರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು.

“ದಿನಕ್ಕೆ ನಾಲ್ಕು ಆಟ ಓಡಿಸಿದೋರು ನೀವು. ಹೇಳಿ ಆಪರೇಟ್ರೇ. ನಿಲ್ತಾ, ಇಲ್ವಾ?”

“ಮಿಷನ್ ಸದ್ದಿನಲ್ಲಿ ನನಗೆ ಏನೂ ಕೇಳಿಸ್ತಿರಲಿಲ್ಲ” ಎಂದೆ.

ನಾನು ಕಡಿಮೆ ಮಾತಾಡುವವನು. ಆಡಿದ ಆ ಒಂದು ಮಾತೂ ಸುಳ್ಳು.

೪. ಇಂಕು

ಆ ಮೌನ ಮಾಡಿದವನು ನಾನು.

ಫಿಲ್ಮಿನ ಒಂದು ಅಂಚಿನಲ್ಲಿ ಸಣ್ಣ ಗೆರೆ ಓಡುತ್ತದೆ. ಸದ್ದು ಇರುವುದು ಅದರಲ್ಲಿ. ಬೆಳಕು ಅದನ್ನು ದಾಟಿದರೆ ಸದ್ದು. ತಡೆದರೆ ಸದ್ದಿಲ್ಲ. ಆಗ ಒಂದೇ ಪ್ರಿಂಟು ಊರೂರು ತಿರುಗುತ್ತಿತ್ತು. ಹಾಸನ ಮುಗಿಸಿ, ಚನ್ನರಾಯಪಟ್ಟಣ ಮುಗಿಸಿ ನಮ್ಮಲ್ಲಿಗೆ ಬಂತು. ಎರಡನೇ ದಿನ ನನ್ನ ಮಿಷನ್ನಿನಲ್ಲಿ ರೀಲು ಜಾರಿ ಆ ಗೆರೆ ಉಜ್ಜಿಹೋಯಿತು. ದೋಣಿಯ ಜಾಗದಲ್ಲೇ. ಪಿಟೀಲಿನ ಬದಲು ಹಿಟ್ಟಿನ ಗಿರಣಿಯಂತೆ ಗರಗರ ಎಂದಿತು. ಜನ ನನ್ನ ಕಿಂಡಿಯ ಕಡೆ ತಿರುಗಿ ನನ್ನ ವಂಶವನ್ನೆಲ್ಲ ಬೈದರು.

ಮಾರನೆಯ ಬೆಳಗ್ಗೆ ಬೋರ್ಡ್ ಬರೆಯುವವನ ಹತ್ತಿರ ಕಪ್ಪು ಇಂಕು ಇಸಕೊಂಡೆ. ಕುಂಚ ಹಿಡಿದು ಗೆರೆಯ ಮೇಲೆ ಬಳಿದೆ. ನಾಲ್ಕೂವರೆ ಅಡಿ. ಗರಗರ ಹೋಯಿತು. ಅದರ ಜೊತೆ ದೊಡ್ಡೋರ ಅರವತ್ತು ಪಿಟೀಲೂ ಹೋಯಿತು. ಆಮೇಲೆ ಯಾರೂ ಬೈಯಲಿಲ್ಲ. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು.

ನಮ್ಮಲ್ಲಿಂದ ಪ್ರಿಂಟು ಅರಕಲಗೂಡಿಗೆ ಹೋಯಿತು. ಮೇಷ್ಟ್ರು ಕೇಳಿದ ಆತ್ಮ ಅದೇ. ರೀಲಿನ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ದ ಬಸ್ಸಿನ ಕಂಡಕ್ಟರ್ ನಮ್ಮವನೇ. ಲಗೇಜು ಚೀಟಿ ಹರಿದು, ಅದರ ಮೇಲೆ ಕಾಲಿಟ್ಟುಕೊಂಡು ಹೋದ.

೫. ಕೆಟ್ಟ ಮಿಷನ್

ಈ ವರ್ಷ ಕಂಡಕ್ಟರ್ ಕಿವಿಗೆ ಮಿಷನ್ ಹಾಕಿಸಿಕೊಂಡ. ಹೆಂಡತಿಯ ಒತ್ತಾಯ. ಅದಕ್ಕೆ ಮುಂಚೆ ಅವನು ಸ್ಪೀಕರಿನ ಮೇಲೆ ಅಂಗೈ ಇಟ್ಟು ದೊಡ್ಡೋರನ್ನು ಕೇಳುತ್ತಿದ್ದ.

ಹತ್ತು ದಿನ ಎಲ್ಲ ಚೆನ್ನಾಗಿತ್ತು. ಹಾಲು ಉಕ್ಕುವ ಸದ್ದು ಕೇಳಿ ಅಡಿಗೆಮನೆಗೆ ಓಡುತ್ತಿದ್ದನಂತೆ.

ಅಷ್ಟರಲ್ಲಿ ದೋಣಿಯ ಪಿಕ್ಚರನ್ನು ಯಾರೋ ಮೂಲ ನೆಗೆಟಿವ್‌ನಿಂದ ತೊಳೆದು ಹೊಸದು ಮಾಡಿ ಬಿಟ್ಟರು. ಟೈಲರಿಗೆ ಸಿಕ್ಕಿತು. ಭಾನುವಾರ ಅಂಗಡಿಯ ಟಿವಿಯಲ್ಲಿ ಹಾಕಿದ. “ಇವತ್ತು ತೀರ್ಮಾನ ಆಗ್ಲಿ” ಎಂದ. ನಾನು ಬಾಗಿಲ ಹತ್ತಿರ ಕೂತೆ.

ದೋಣಿ ಹೊರಟಿತು. ಪಿಟೀಲು ಏರಿತು. ಕಂಡಕ್ಟರ್ ಕಣ್ಣು ಮುಚ್ಚಿ ಬೆರಳು ಎತ್ತಿದ. ತುದಿ ಬಂತು.

ನಿಲ್ಲಲಿಲ್ಲ.

ಟೈಲರ್ ತೊಡೆ ತಟ್ಟಿಕೊಂಡು ಎದ್ದ. ಕಂಡಕ್ಟರನ ಮುಖ ನೋಡಿ ಮತ್ತೆ ಕೂತ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ತಪ್ಪು ಕನ್ನಡಕದ್ದು ಎಂಬ ಹಾಗೆ.

ಕಂಡಕ್ಟರ್ ಮಿಷನ್ ತೆಗೆದು ಅಲ್ಲಾಡಿಸಿದ. ಊದಿದ.

“ಇದು ಕೆಟ್ಟೋಗೈತೆ” ಎಂದ.

ಅಲ್ಲಿಂದ ಸೀದಾ ಅದನ್ನು ಕೊಟ್ಟ ಅಂಗಡಿಗೆ. ನಾನೂ ಹೋದೆ. ಅಲ್ಲಿನ ಹೆಣ್ಣುಮಗಳು ತಾಳ್ಮೆಯಿಂದ ಕೇಳಿದಳು: “ಏನು ತೊಂದರೆ ಅಜ್ಜಾ? ಕೇಳಿಸ್ತಿಲ್ವಾ?”

“ಕೇಳಿಸ್ತೈತೆ ಕಣವ್ವ. ಇಲ್ದೇ ಇರೋದೂ ಕೇಳಿಸ್ತೈತೆ. ಪಿಟೀಲು ಕಮ್ಮಿ ಮಾಡ್ಕೊಡು.”

೬. ಜಗುಲಿ

ಅವನು ಮಿಷನ್ನನ್ನು ಬೀರುವಿನಲ್ಲಿಟ್ಟ. ನಲವತ್ತು ವರ್ಷದ ನೆನಪನ್ನು ಅನುಮಾನಿಸಲಿಲ್ಲ, ಹತ್ತು ದಿನದ ಯಂತ್ರವನ್ನು ಅನುಮಾನಿಸಿದ.

ವಾರ ಕಳೆದು ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಗಂಟಲು ಕಟ್ಟಿತ್ತು.

“ಅಣ್ಣಾ, ಆರು ವರ್ಸ ಕೂಗಿ ಕೂಗಿ ಸಾಕಾಗಿತ್ತು. ಆ ಅತ್ತು ದಿನ ಮೆಲ್ಲಗೆ ಮಾತಾಡ್ಕೊಂಡಿದ್ವಿ. ನನ್ ದನಿ ಇಂಗೈತೆ ಅಂತ ನಂಗೇ ಮರ್ತೋಗಿತ್ತು. ಈಗ ಮತ್ತೆ ಕೂಗೋಕೆ ನನ್ ಕೈಲಾಗಲ್ಲ. ನಿಮ್ಮ ಮಾತು ಕೇಳ್ತಾರೆ. ಒಂದ್ಸಲ ಏಳಿ.”

ಏನು ಹೇಳಬೇಕು ಎಂದು ನನಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಹೋದೆ.

ಅವನು ಜಗುಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು ಹೇಳಿದೆ:

“ಆ ಮೌನ ನಾನು ಮಾಡಿದ್ದು.”

“ಆಂ?”

ಜೋರಾಗಿ ಹೇಳಿದೆ. “ಆಂ?” ಎಂದ. ಎದ್ದು ನಿಂತು ಕೂಗಿದೆ. ರೀಲು ಜಾರಿದ್ದು, ಇಂಕು, ಕುಂಚ, ನಾಲ್ಕೂವರೆ ಅಡಿ. ಒಂದು ವರ್ಷದಲ್ಲಿ ನಾನು ಆಡುವ ಮಾತೆಲ್ಲ ಆ ಜಗುಲಿಯ ಮೇಲೆ ಖರ್ಚಾಯಿತು. ಅವನು ಕಿವಿಗೆ ಕೈ ಅಡ್ಡ ಇಟ್ಟುಕೊಂಡೇ ಇದ್ದ.

ಎದುರು ಮನೆಯ ಹೆಂಗಸು ಮೆಣಸಿನಕಾಯಿ ಹರವುತ್ತಿದ್ದವಳು ಕೈ ಎತ್ತಿದಳು.

“ಅಣ್ಣಾ, ಬೀದಿಗೆಲ್ಲ ಗೊತ್ತಾಯ್ತು. ಇನ್ನು ಅವ್ರೊಬ್ರಿಗೆ ಏಳಿ.”

ಹೆಂಡತಿ ಒಳಗಿಂದ ಮಿಷನ್ ತಂದು ಅವನ ಕಿವಿಗೆ ಸಿಕ್ಕಿಸಿದಳು. ನಾನು ಕೂತು, ಮೆಲ್ಲಗೆ, ಮೊದಲಿನಿಂದ ಹೇಳಿದೆ.

ಅವನು ಕಿವಿಯ ಮಿಷನ್ ಒತ್ತಿ ಸರಿಮಾಡಿಕೊಂಡ.

“ಅಂಗಾದ್ರೆ ದೊಡ್ಡೋರು ಮಾಡಿದ್ದಲ್ಲ?”

“ಅಲ್ಲ.”

“ನೀನು?”

“ನಾನು.”

“ಎಷ್ಟು ಬಳ್ದೆ?”

“ನಾಲ್ಕೂವರೆ ಅಡಿ.”

ಅವನ ಸ್ನೇಹ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನನಗೆ ಬೇರೆ ಸ್ನೇಹಿತರಿಲ್ಲ.

“ಇನ್ನೊಂದಡಿ ಬಳಿಯೋಕೆ ನಿಂಗೇನಾಗಿತ್ಲಾ?” ಎಂದ. “ಇವಳಿಗೆ ಉತ್ರ ಏಳೋಕ್ ಮುಂಚೆ ಪಿಟೀಲು ಶುರುವಾಗ್ಬುಡ್ತು.”

ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ ಮೆಲ್ಲಗೆ ಅಂದಳು:

“ಇವತ್ತಿಗೂ ಏಳಿಲ್ಲ.”

೭. ಐದನೆಯದು

ಮುಂದಿನ ಭಾನುವಾರ ಅವಳೂ ಹಾಸನಕ್ಕೆ ಬಂದಳು. ಟೈಲರ್ ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲು ಬಿಟ್ಟುಕೊಟ್ಟ. ನಾನು ಎಲ್ಲರ ಮುಂದೆ ಮತ್ತೊಮ್ಮೆ ಒಪ್ಪಿಕೊಂಡೆ. ಮೂರನೆಯ ಸಲ. ಅಭ್ಯಾಸವಾಗಿತ್ತು.

ಮೇಷ್ಟ್ರು ಮೌನದ ಬಗ್ಗೆ ಹೊಸ ಅಭಿಪ್ರಾಯ ಹೇಳಲು ಗಂಟಲು ಸರಿಮಾಡಿಕೊಂಡರು. ಬ್ಯಾಂಡಿನವನು ಅವರ ಕೈಗೆ ಟೀ ಲೋಟ ಕೊಟ್ಟ.

ಟೈಲರ್ ಮಾರ್ಕು ಹಾಕುವ ಸೀಮೆಸುಣ್ಣ ತೆಗೆದು ಗೋಡೆಯ ಪಟ್ಟಿಯಲ್ಲಿ ಬರೆದ: ‘ಐದು. ದೋಣಿ. ದೊಡ್ಡೋರು ಮತ್ತು ಆಪರೇಟ್ರು.’ ಅಳಿಸು ಎಂದೆ. ಅಳಿಸಲಿಲ್ಲ.

ಆಮೇಲೆ ಟಿವಿ ಹಾಕಿದ. ದೋಣಿ ಹೊರಟಿತು. ಪಿಟೀಲು ಏರಿತು. ತುದಿ ಬಂದಾಗ ಕಂಡಕ್ಟರ್ ಕಿವಿಯಿಂದ ಮಿಷನ್ ತೆಗೆದ. ಬೆರಳಲ್ಲಿ ಎಣಿಸಿದ. ಒಂದು, ಎರಡು.

ಹೆಂಡತಿ ಏನೋ ಅಂದಳು. ಅವನಿಗೆ ಕೇಳಿಸಲಿಲ್ಲ. ಜೇಬಿನಿಂದ ಕಡಲೇಕಾಯಿ ತೆಗೆದು ಅವಳ ಕೈಗೆ ಹಾಕಿದ.